ಜುಲೈ 31ರ ಪೆರೇಡಿಗೆ ಮುಂಚೆ: ಕರ್ನಾಟಕದ ಎನ್‌ಸಿಸಿ ಕೆಡೆಟ್‌ಗಳಿಗೆ ಬಹಿರಂಗ ಪತ್ರ

ಪ್ರೀತಿಯ ಕೆಡೆಟ್‌ಗಳೇ,

ಜುಲೈ 26ರಂದು ನಿಮ್ಮ ಕಾಲೇಜುಗಳಲ್ಲಿ ಕಾರ್ಗಿಲ್ ವಿಜಯ ದಿವಸ ನಡೆಯುತ್ತದೆ. ಸಮವಸ್ತ್ರಕ್ಕೆ ಇಸ್ತ್ರಿ ಬೀಳುತ್ತದೆ, ಬೂಟಿಗೆ ಪಾಲಿಶ್ ಆಗುತ್ತದೆ, ಬೆರೆಟ್ ಮೇಲಿನ ಕೆಂಪು ಹ್ಯಾಕಲ್ ನೆಟ್ಟಗೆ ನಿಲ್ಲುತ್ತದೆ. ಮುಖ್ಯ ಅತಿಥಿಗಳು ಬಂದು ಭಾಷಣ ಮಾಡಿ ಹೋಗುತ್ತಾರೆ. ಅದಾಗಿ ಐದನೆಯ ದಿನಕ್ಕೆ ಜುಲೈ 31 ಬರುತ್ತದೆ. ಅವತ್ತು ಎಂದಿನಂತೆ ತರಗತಿ, ಎಂದಿನಂತೆ ಪೆರೇಡು. ನಿಮ್ಮ ಹಾಗೆಯೇ ಇದೇ ನಾಡಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವರೊಬ್ಬರು, ಮುಂದೆ ಸೈನ್ಯದಲ್ಲಿ ಕರ್ನಲ್ ಆಗಿ, 2007ರ ಜುಲೈ 31ರಂದು ಕಾಶ್ಮೀರದ ಉರಿಯ ಕಾಡಿನಲ್ಲಿ ಪ್ರಾಣ ಕೊಟ್ಟರು. ಅವರು ವಸಂತ್ ವೇಣುಗೋಪಾಲ್. ಅವರ ಬಗ್ಗೆ ನಿಮ್ಮೊಡನೆ ನಾಲ್ಕು ಮಾತಾಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ವಸಂತ್ ಹುಟ್ಟಿದ್ದು 1967ರ ಮಾರ್ಚ್ 25ರಂದು, ಬೆಂಗಳೂರಿನಲ್ಲಿ. ತಂದೆಯವರ ಕೆಲಸದ ಕಾರಣಕ್ಕೆ ಬಾಲ್ಯ ಉಡುಪಿ, ಶಿವಮೊಗ್ಗ, ಬೆಂಗಳೂರುಗಳಲ್ಲಿ ಹಂಚಿಹೋಯಿತು. ಊರೂರು ಬದಲಿಸುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಹೊಸಬರ ನಡುವೆ ಬೇಗ ಬೆರೆಯುವುದು ತಾನಾಗಿಯೇ ಬರುತ್ತದೆ. ಸೈನ್ಯದ ಬದುಕಿಗೆ ಅದಕ್ಕಿಂತ ಒಳ್ಳೆಯ ತಯಾರಿ ಬೇರೊಂದಿರಲಾರದು. ಮಲ್ಲೇಶ್ವರದ ಎಂಇಎಸ್ ಕಾಲೇಜಿನಲ್ಲಿ ಪದವಿ ಮುಗಿಸಿ, 1988ರಲ್ಲಿ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಗೆ ಹೋದರು. 1989ರ ಜೂನ್ 10ರಂದು ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂಬತ್ತನೆಯ ಬೆಟಾಲಿಯನ್‌ಗೆ ಅಧಿಕಾರಿಯಾಗಿ ಸೇರಿದರು. ಅಲ್ಲಿಂದ ಮುಂದೆ ಹದಿನೆಂಟು ವರ್ಷ ಪಠಾಣ್‌ಕೋಟ್, ಸಿಕ್ಕಿಂ, ಗಾಂಧಿನಗರ, ರಾಂಚಿ, ಬೆಂಗಳೂರು, ಮತ್ತೆ ಮತ್ತೆ ಜಮ್ಮು ಮತ್ತು ಕಾಶ್ಮೀರ. ಕೊನೆಗೆ ತಾವು ಸೆಕೆಂಡ್ ಲೆಫ್ಟಿನೆಂಟ್ ಆಗಿ ಕಾಲಿಟ್ಟ ಅದೇ ಬೆಟಾಲಿಯನ್ನಿಗೇ ಕಮಾಂಡಿಂಗ್ ಆಫೀಸರ್ ಆದರು. ಕಾಲಾಳು ಪಡೆಯ ಯಾವ ಅಧಿಕಾರಿಯನ್ನು ಕೇಳಿದರೂ ಇದಕ್ಕಿಂತ ದೊಡ್ಡ ಆಸೆ ಅವರಿಗೆ ಇರುವುದಿಲ್ಲ. ಮೊದಲ ದಿನ ತನಗೆ ಸೆಲ್ಯೂಟ್ ಹೊಡೆದ ಹುಡುಗರು ಈಗ ಹವಾಲ್ದಾರರು, ಸುಬೇದಾರರು. ಅವರ ಮದುವೆ ಗೊತ್ತು, ಮಕ್ಕಳ ಹೆಸರು ಗೊತ್ತು, ಊರಿನ ಬರಗಾಲವೂ ಗೊತ್ತು. ಅಂಥವರ ಪಡೆಗೆ ಯಜಮಾನನಾಗುವುದೆಂದರೆ ದೊಡ್ಡ ಕೂಡುಕುಟುಂಬವೊಂದರ ಹಿರಿಯಣ್ಣನಾದಂತೆ.

ಉರಿ ಎಂದರೆ ನಿಮಗೆ 2016ರ ಸೆಪ್ಟೆಂಬರಿನ ದಾಳಿ, ಆಮೇಲೆ ಬಂದ ಸಿನಿಮಾ ನೆನಪಾಗಬಹುದು. ವಸಂತ್ ಅವರ ಕಾಲಕ್ಕೆ ಅದು ಬಾರಾಮುಲ್ಲಾ ಜಿಲ್ಲೆಯ ಗಡಿಯ ಊರು. ಝೇಲಂ ನದಿಯ ಕಣಿವೆ, ಕಡಿದಾದ ಬೆಟ್ಟ, ದಟ್ಟ ಕಾಡು, ಹತ್ತಿರದಲ್ಲೇ ನಿಯಂತ್ರಣ ರೇಖೆ. 2005ರ ಅಕ್ಟೋಬರಿನ ಭೂಕಂಪ ಆ ಸೀಮೆಯನ್ನು ನೆಲಕ್ಕೆ ಕೆಡವಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಚಳಿಗಾಲದ ಹಿಮ ಕರಗಿ ಕಣಿವೆಗಳ ದಾರಿ ತೆರೆದ ಮೇಲೆ, ಬೇಸಿಗೆಯಿಂದ ಮತ್ತೆ ಹಿಮ ಬೀಳುವ ತನಕ ಆಚೆಯಿಂದ ನುಸುಳುವವರ ಕಾಲ. ತಂತಿ ಬೇಲಿ ಇದೆ, ರಾತ್ರಿ ಕಾಣುವ ಉಪಕರಣಗಳಿವೆ. ಆದರೂ ಮಂಜು ಕವಿದ ಕಾಡಿನಲ್ಲಿ ಕೊನೆಗೆ ಕೆಲಸಕ್ಕೆ ಬರುವುದು ಕಣ್ಣು, ಕಿವಿ ಮತ್ತು ಒಬ್ಬರ ಮೇಲೊಬ್ಬರಿಗಿರುವ ನಂಬಿಕೆ. ಜುಲೈ 31ರಂದು ಅಂಥದೊಂದು ನುಸುಳುಕೋರರ ಗುಂಪನ್ನು ವಸಂತ್ ಅವರ ಪಡೆ ಕಾಡಿನಲ್ಲಿ ಸುತ್ತುಗಟ್ಟಿತು. ಆ ಗುಂಪು ತಪ್ಪಿಸಿಕೊಳ್ಳಬಹುದಾದ ದಾರಿಯನ್ನು ಮುಚ್ಚುವ ಕೆಲಸಕ್ಕೆ ಕರ್ನಲ್ ತಾವೇ ಮುಂದಾದರು. ಗುಂಡಿನ ಕಾಳಗದಲ್ಲಿ ಅವರ ಮೈಗೆ ಒಂದಲ್ಲ, ಹಲವು ಗುಂಡು ಹೊಕ್ಕವು. ಆ ಗಾಯದಲ್ಲೇ ಅವರು ಪಡೆಯನ್ನು ನಡೆಸುತ್ತಲೇ ಇದ್ದರು. ಎಂಟು ಮಂದಿ ನುಸುಳುಕೋರರಲ್ಲಿ ಯಾರೂ ಆ ಕಾಡು ದಾಟಲಿಲ್ಲ. ಕರ್ನಲ್ ಉಳಿಯಲಿಲ್ಲ. ಅವರ ಜೊತೆಗಿದ್ದ ಲ್ಯಾನ್ಸ್ ನಾಯಕ್ ಶಶಿಕಾಂತ್ ಅವರೂ ಉಳಿಯಲಿಲ್ಲ. ವಸಂತ್ ಅವರಿಗೆ ಆಗ ನಲವತ್ತು ವರ್ಷ. 2008ರ ಗಣರಾಜ್ಯೋತ್ಸವದಂದು ದೆಹಲಿಯಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರ ಕೈಯಿಂದ ಅವರ ಮರಣೋತ್ತರ ಅಶೋಕ ಚಕ್ರವನ್ನು ಪತ್ನಿ ಸುಭಾಷಿಣಿ ವಸಂತ್ ಸ್ವೀಕರಿಸಿದರು.

ಶಾಂತಿಕಾಲದ ಶೌರ್ಯಕ್ಕೆ ಈ ದೇಶ ಕೊಡುವ ಅತ್ಯುನ್ನತ ಗೌರವ ಅದು. ರಣರಂಗದ ಪರಮವೀರ ಚಕ್ರಕ್ಕೆ ಸಮ. 'ಶಾಂತಿಕಾಲ' ಎಂದು ಸರ್ಕಾರದ ಕಡತ ಕರೆಯುತ್ತದೆ. ಯುದ್ಧ ಸಾರಿರಲಿಲ್ಲ, ಪತ್ರಿಕೆಗಳಲ್ಲಿ ದಿನದಿನದ ವರದಿ ಇರಲಿಲ್ಲ, ಬೆಂಗಳೂರಿನ ರಸ್ತೆಗಳಲ್ಲಿ ಅವತ್ತಿನ ಟ್ರಾಫಿಕ್ಕು ಎಂದಿನ ಹಾಗೇ ಇತ್ತು. ಅಂಥ ಒಂದು ಮಾಮೂಲಿ ಮಂಗಳವಾರ ಅವರು ಹೋದರು.

ಈಗ ನಿಮ್ಮನ್ನೊಂದು ಪ್ರಶ್ನೆ ಕೇಳುತ್ತೇನೆ. ಅವರು ಅಲ್ಲಿ ಏಕಿದ್ದರು?

ಬೆಟಾಲಿಯನ್ ಎಂದರೆ ಸುಮಾರು ಎಂಟುನೂರು ಜನ. ಅದಕ್ಕೆ ಕಂಪನಿಗಳಿವೆ, ಕಂಪನಿಗೊಬ್ಬ ಅಧಿಕಾರಿ ಇದ್ದಾರೆ, ಕೆಳಗೆ ಪ್ಲಟೂನುಗಳು, ಸೆಕ್ಷನ್ನುಗಳು. ಕಾರ್ಯಾಚರಣೆಯ ಹೊತ್ತಿನಲ್ಲಿ ಕಮಾಂಡಿಂಗ್ ಆಫೀಸರ್ ತಮ್ಮ ಠಾಣೆಯಲ್ಲಿ ರೇಡಿಯೊ ಮುಂದೆ, ನಕಾಶೆ ಹರಡಿಕೊಂಡು ಕೂತು ಎಲ್ಲವನ್ನೂ ನಡೆಸಿದರೆ ಯಾರೂ ತಪ್ಪು ಹೇಳುವಂತಿಲ್ಲ. ಎಷ್ಟೋ ಸಲ ಹಾಗೆ ಕೂರುವುದೇ ಅವರ ಕರ್ತವ್ಯ. ಈ ಹುದ್ದೆಗೇರಿದ ಮೇಲೂ ನೀನೇ ಹೋಗಬೇಕಾ ಎಂದು ತಾಯಿ ಒಮ್ಮೆ ಕೇಳಿದ್ದರಂತೆ. ನನ್ನ ಹುಡುಗರು ಹೋಗುವ ಕಡೆ ನಾನೂ ಹೋಗುತ್ತೇನೆ ಎಂಬರ್ಥದ ಉತ್ತರ ಮಗನಿಂದ ಬಂದಿತ್ತು. ಅವರ ಬಗ್ಗೆ ಬರೆದವರೆಲ್ಲ ಈ ಮಾತನ್ನು ಎತ್ತಿ ಹೇಳುತ್ತಾರೆ. ಭಾಷಣಗಳಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ನನಗೆ ಮಾತ್ರ ಇದು ಚಪ್ಪಾಳೆಯ ಮಾತಾಗಿ ಎಂದೂ ಕೇಳಿಸಿಲ್ಲ. ಮನೆಯಲ್ಲಿ ಅಮ್ಮ ಕೇಳಿದ ಪ್ರಶ್ನೆಗೆ ಮಗ ಸಹಜವಾಗಿ ಕೊಟ್ಟ ಉತ್ತರ ಅದು. ಅವರಿಗೆ ಇದರಲ್ಲಿ ಯೋಚಿಸಿ ತೀರ್ಮಾನಿಸುವಂಥದ್ದೇನೂ ಇದ್ದಂತೆ ಕಾಣುವುದಿಲ್ಲ.

ಅಷ್ಟು ಸಹಜವಾಗಿ ಆ ಉತ್ತರ ಬರಬೇಕಾದರೆ ಅದರ ಹಿಂದೆ ಹದಿನೆಂಟು ವರ್ಷದ ಅಭ್ಯಾಸ ಇರಬೇಕು. ದೇಶ ಮೊದಲು, ನಿನ್ನ ಕೈಕೆಳಗಿನವರು ಆಮೇಲೆ, ನೀನು ಎಲ್ಲರಿಗಿಂತ ಕೊನೆಗೆ ಎಂದು ಡೆಹ್ರಾಡೂನಿನಲ್ಲಿ ಕಲಿಸಿ ಕಳಿಸುತ್ತಾರೆ. ಅಲ್ಲಿನ ಗೋಡೆಯ ಮೇಲೆ ಕೆತ್ತಿರುವ ಈ ಮಾತನ್ನು ಯಾರು ಬೇಕಾದರೂ ಓದಬಹುದು. ಅದು ರಕ್ತಕ್ಕೆ ಇಳಿಯುವುದು ಬೇರೆ ಜಾಗಗಳಲ್ಲಿ. ಜವಾನನ ರಜೆ ಅರ್ಜಿಯ ಹಿಂದೆ ಅವನ ತಾಯಿಯ ಕಾಯಿಲೆ ಇದೆಯೆಂದು ತಿಳಿದುಕೊಳ್ಳುವುದರಲ್ಲಿ. ಊರಿನ ಜಮೀನು ತಗಾದೆಗೆ ತಹಶೀಲ್ದಾರರಿಗೆ ಪತ್ರ ಬರೆದುಕೊಡುವುದರಲ್ಲಿ. ಲಂಗರಿನಲ್ಲಿ ಹುಡುಗರ ಊಟ ರುಚಿ ನೋಡುವುದರಲ್ಲಿ, ಎತ್ತರದ ಪೋಸ್ಟಿಗೆ ನಡೆದೇ ಹೋಗಿ ಅಲ್ಲಿ ಒಂದು ರಾತ್ರಿ ಉಳಿಯುವುದರಲ್ಲಿ. ಸೈನಿಕ ಸಮ್ಮೇಳನದಲ್ಲಿ ಅತಿ ಕಿರಿಯ ಸಿಪಾಯಿ ಎದ್ದು ನಿಂತು ಹೇಳಿದ ದೂರನ್ನು ಪೂರ್ತಿ ಕೇಳಿಸಿಕೊಳ್ಳುವುದರಲ್ಲಿ. ಕಾಲಾಳು ಪಡೆಯ ಒಳ್ಳೆಯ ಅಧಿಕಾರಿಗಳ ದಿನಚರಿಯೆಂದರೆ ಹೆಚ್ಚಿನಂಶ ಇದೇ. ಇದನ್ನು ಸಿನಿಮಾ ಮಾಡುವುದು ಕಷ್ಟ, ಇದಕ್ಕೆ ಪದಕವೂ ಇಲ್ಲ. ಆದರೆ ಕಾಡಿನಲ್ಲಿ ಗುಂಡು ಹಾರುವ ಕ್ಷಣದಲ್ಲಿ ಜವಾನ ತನ್ನ ಸಾಹೇಬರ ಹಿಂದೆ ನಡೆಯುವುದು, ಸಾಹೇಬರು ಜವಾನನ ಮುಂದೆ ನಡೆಯುವುದು, ಈ ಎರಡೂ ಅಲ್ಲಿಂದಲೇ ಹುಟ್ಟುತ್ತವೆ.

ಇನ್ನೊಂದು ಸಂಗತಿಯನ್ನು ಕರ್ನಾಟಕದವರಾದ ನಾವು ವಿಶೇಷವಾಗಿ ಗಮನಿಸಬೇಕು. ವಸಂತ್ ಅವರ ರೆಜಿಮೆಂಟು ಮರಾಠಾ ಲೈಟ್ ಇನ್‌ಫೆಂಟ್ರಿ. ಅದರ ಜವಾನರಲ್ಲಿ ಹೆಚ್ಚಿನವರು ಮಹಾರಾಷ್ಟ್ರದ ಹಳ್ಳಿಗಳವರು. ನಮ್ಮ ಉತ್ತರ ಕರ್ನಾಟಕದ ಹುಡುಗರೂ ಅದರಲ್ಲಿದ್ದಾರೆ. ಆ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ, 1922ರಿಂದ. ಸೈನ್ಯದಲ್ಲಿ ಅಧಿಕಾರಿ ತನ್ನ ಜವಾನರ ಭಾಷೆ ಕಲಿಯಬೇಕು, ಅವರ ಹಬ್ಬ ತನ್ನ ಹಬ್ಬವಾಗಬೇಕು, ಅವರ ದೇವರಿಗೆ ತಾನೂ ಕೈಮುಗಿಯಬೇಕು. ಹಾಗಾಗಿ ಈ ಪಡೆಗೆ ಸೇರಿದ ಕನ್ನಡದ ಹುಡುಗ ಮರಾಠಿ ಕಲಿಯುತ್ತಾನೆ, ಪಂಜಾಬಿನವನೂ ಮರಾಠಿ ಕಲಿಯುತ್ತಾನೆ, ಗಣೇಶ ಚತುರ್ಥಿಗೆ ಎಲ್ಲರೂ ಸೇರಿ ಗಣಪತಿ ಕೂರಿಸುತ್ತಾರೆ, ಛತ್ರಪತಿ ಶಿವಾಜಿಯ ಜಯಘೋಷ ಕೂಗಿ ಗುಡ್ಡ ಹತ್ತುತ್ತಾರೆ. ಬೆಳಗಾವಿಯ ಬೀದಿಗಳಲ್ಲಿ ಬೋರ್ಡಿನ ಭಾಷೆಗಾಗಿ ಬಸ್ಸಿಗೆ ಮಸಿ ಬಳಿದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅದೇ ಊರಿನ ರೆಜಿಮೆಂಟಿನ ಕನ್ನಡಿಗ ಕರ್ನಲ್ ಮತ್ತು ಅವರ ಜವಾನ ಉರಿಯ ಕಾಡಿನಲ್ಲಿ ಒಂದೇ ದಿನ ಜೊತೆಯಲ್ಲಿ ಪ್ರಾಣ ಬಿಟ್ಟರು. ನನ್ನ ಭಾಷೆಯ ಮೇಲೆ ನನಗೆ ಅಪಾರ ಪ್ರೀತಿ ಇದೆ. ಗಡಿಯ ವ್ಯಾಜ್ಯದಲ್ಲಿ ನನಗೂ ಸ್ಪಷ್ಟವಾದ ನಿಲುವಿದೆ. ಆದರೆ ಆ ವ್ಯಾಜ್ಯದ ಹೆಸರಿನಲ್ಲಿ ಮನುಷ್ಯರನ್ನು ದ್ವೇಷಿಸಲು ಯಾರಾದರೂ ನಿಮ್ಮನ್ನು ಕರೆದರೆ, ಈ ಇಬ್ಬರನ್ನು ನೆನೆಯಿರಿ.

ದ್ವೇಷದ ಮಾತು ಬಂತಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹುತಾತ್ಮರ ದಿನದ ಭಾಷಣಗಳಲ್ಲಿ ಈಚೆಗೆ ಸತ್ತವರ ಬಗ್ಗೆ ಎರಡು ನಿಮಿಷ, ಶತ್ರುವಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುವುದು ರೂಢಿಯಾಗುತ್ತಿದೆ. ಭಾಷಣಕಾರರ ಗಂಟಲು ಏರುತ್ತದೆ, ನಿಮ್ಮ ಕಡೆಯಿಂದ ಘೋಷಣೆ ಏರುತ್ತದೆ. ಅದೆಲ್ಲ ಮುಗಿದ ಮೇಲೆ ವಸಂತ್ ಎಂಥ ಮನುಷ್ಯ, ಏನನ್ನು ನಂಬಿದ್ದರು, ಯಾರನ್ನು ಬಿಟ್ಟುಹೋದರು ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಇದು ನೆನಪಿನ ಹೆಸರಿನಲ್ಲಿ ನಡೆಯುವ ಮರೆವು. ಕೋಪದಿಂದ ಕಾಡಿಗೆ ನುಗ್ಗಿದವರಲ್ಲ ಅವರು. ಎಂಟುನೂರು ಜನರ ಹೊಣೆ ಹೊತ್ತವರು. ಅವರ ಧೈರ್ಯವನ್ನು ರೋಷವೆಂದು ತಿಳಿದರೆ ಅವರ ಬದುಕನ್ನೇ ತಪ್ಪಾಗಿ ಓದಿದಂತೆ.

ಸತ್ತ ಯೋಧನನ್ನು ನೆನೆಯುವ ಕ್ರಮವನ್ನು ನಾವು ಬೇರೆ ಯಾರಿಂದಲೋ ಕಲಿಯಬೇಕಾಗಿಲ್ಲ. ಕರ್ನಾಟಕದ ಯಾವ ಹಳ್ಳಿಯ ಕೆರೆ ಏರಿಗೆ ಹೋದರೂ, ಯಾವ ಹಳೆಯ ಗುಡಿಯ ಅಂಗಳಕ್ಕೆ ಹೋದರೂ ವೀರಗಲ್ಲುಗಳು ಕಾಣುತ್ತವೆ. ಹೆಚ್ಚಿನವು ರಾಜರ ಕಲ್ಲುಗಳಲ್ಲ; ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಬಿದ್ದವರು, ಹೆಂಗಸರ ಮಾನ ಕಾಯಲು ನಿಂತವರು, ಒಡೆಯನ ಕಾಳಗದಲ್ಲಿ ಸತ್ತವರು. ಬೆಂಗಳೂರು ಎಂಬ ಹೆಸರು ನಮಗೆ ಸಿಕ್ಕಿರುವ ಅತಿ ಹಳೆಯ ದಾಖಲೆಯೂ ಬೇಗೂರಿನ ಗುಡಿಯಲ್ಲಿರುವ ಸುಮಾರು ಕ್ರಿ.ಶ. 890ರ ಇಂಥದೇ ಒಂದು ಕಲ್ಲು. ಬೆಂಗಳೂರಿನ ಕಾಳಗದಲ್ಲಿ ಮಡಿದವನ ಹೆಸರನ್ನು ಅದು ಹೇಳುತ್ತದೆ. ಕರ್ನಲ್ ವಸಂತ್ ಹುಟ್ಟಿದ ಊರಿನ ಹೆಸರು ಚರಿತ್ರೆಗೆ ಬಂದದ್ದೇ ಕಾಳಗದಲ್ಲಿ ಬಿದ್ದವನೊಬ್ಬನ ಮೂಲಕ.

ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ನಮ್ಮ ಹಿರಿಯರು ಕಲ್ಲು ನೆಟ್ಟು ಕೈತೊಳೆದುಕೊಳ್ಳಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟರು. ನೆತ್ತರುಗೊಡಗೆ ಎಂದು ಶಾಸನಗಳಲ್ಲಿ ಬರುವುದು ಅದೇ: ನೆತ್ತರು ಚೆಲ್ಲಿದ್ದಕ್ಕೆ ಊರು ಅವನ ಕುಟುಂಬಕ್ಕೆ ಕೊಟ್ಟ ಹೊಲ. ಬೇಗೂರಿನದೇ ಇನ್ನೊಂದು ವೀರಗಲ್ಲು ನಾಗತ್ತರ ಎಂಬವನು ಯುದ್ಧದಲ್ಲಿ ಮಡಿದದ್ದನ್ನೂ, ಆಮೇಲೆ ದೊರೆ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕೊಟ್ಟದ್ದನ್ನೂ ಒಟ್ಟಿಗೇ ಹೇಳುತ್ತದೆ. ಸಾವು ಮತ್ತು ಉಳಿದವರ ಬದುಕು, ಎರಡೂ ಒಂದೇ ಕಲ್ಲಿನ ಮೇಲೆ. ಸಾವಿರದ ನೂರು ವರ್ಷಗಳ ಹಿಂದೆಯೇ ನಮ್ಮವರಿಗೆ ಈ ತಿಳಿವಳಿಕೆ ಇತ್ತು.

ನಮ್ಮ ಕಾಲದಲ್ಲಿ ಆ ಎರಡನೆಯ ಭಾಗವನ್ನು ನೆನಪಿಸಿದವರು ಸುಭಾಷಿಣಿ ವಸಂತ್. ಅವರು ಭರತನಾಟ್ಯ ಕಲಾವಿದೆ. ಗಂಡನನ್ನು ಕಳೆದುಕೊಂಡಾಗ ಇಬ್ಬರು ಹೆಣ್ಣುಮಕ್ಕಳ ತಾಯಿ. ಆ ಸಾವಿನ ಬೆನ್ನಿಗೇ ಅವರು 'ವಸಂತರತ್ನ' ಪ್ರತಿಷ್ಠಾನ ಕಟ್ಟಿದರು. ಹುತಾತ್ಮ ಸೈನಿಕರ ಹೆಂಡಂದಿರನ್ನು, ಮಕ್ಕಳನ್ನು ಹುಡುಕಿಕೊಂಡು ಹೋಗಿ, ಅವರನ್ನು ಒಂದೆಡೆ ಸೇರಿಸಿ, ಮಕ್ಕಳ ಓದಿಗೆ, ಹೆಂಗಸರ ಸ್ವಂತ ಬದುಕಿಗೆ ಆಸರೆಯಾಗುವ ಕೆಲಸ ಅದು. ಕರ್ನಲ್ ಪತ್ನಿಗೆ ಇಂಗ್ಲಿಷ್ ಗೊತ್ತು, ಕಚೇರಿಗಳ ಬಾಗಿಲು ಗೊತ್ತು. ಹಳ್ಳಿಯ ಸಿಪಾಯಿಯ ಇಪ್ಪತ್ತೆರಡು ವರ್ಷದ ಹೆಂಡತಿಗೆ ಯಾವ ಅರ್ಜಿ ಎಲ್ಲಿ ಕೊಡಬೇಕೆಂದು ತಿಳಿಯದು. ಪರಿಹಾರದ ಹಣ ಬಂದ ದಿನದಿಂದ ಮನೆಯೊಳಗೇ ಜಗಳ ಶುರುವಾಗಬಹುದು. ಈ ಅಂತರವನ್ನು ಕಂಡು ಅದರೊಳಗೆ ಕೈಹಾಕಿದ್ದು ಸುಭಾಷಿಣಿಯವರ ದೊಡ್ಡತನ. ತನ್ನ ಹುಡುಗರು ಹೋದಲ್ಲಿಗೆ ಕರ್ನಲ್ ಹೋದರು. ಆ ಹುಡುಗರಂಥವರ ಮನೆಗಳಿಗೆ ಅವರ ಪತ್ನಿ ಹೋದರು. ಈ ಕೆಲಸಕ್ಕೆ ಅವರಿಗೆ ನೀರಜಾ ಭಾನೋಟ್ ಪ್ರಶಸ್ತಿ ಬಂದಿದೆ. ವೀಣಾ ಪ್ರಸಾದ್ ಅವರ ಜೊತೆ ಸೇರಿ ಅವರು ಗಂಡನ ಬದುಕನ್ನು 'ಫಾರೆವರ್ ಫಾರ್ಟಿ' ಎಂಬ ಇಂಗ್ಲಿಷ್ ಪುಸ್ತಕವಾಗಿ ಬರೆದಿದ್ದಾರೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅದು ಇಲ್ಲದಿದ್ದರೆ ತರಿಸಲು ಹೇಳಿ.

ನಮ್ಮ ಮರೆವಿನ ವೇಗ ನನ್ನನ್ನು ಕಾಡುತ್ತದೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ನಿನ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ನಾಡು ಪ್ರಾರ್ಥಿಸಿತು. ಅವರ ಊರು ಬೆಟದೂರಿಗೆ ಕ್ಯಾಮೆರಾಗಳು ಬಂದವು, ಹೋದವು. ಅದೇ ವರ್ಷದ ಜನವರಿಯಲ್ಲಿ ಪಠಾಣ್‌ಕೋಟ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ನಿರಂಜನ್, 2023ರ ನವೆಂಬರಿನಲ್ಲಿ ರಜೌರಿಯಲ್ಲಿ ಕ್ಯಾಪ್ಟನ್ ಪ್ರಾಂಜಲ್ ಮಡಿದರು. ಪ್ರತಿ ಸಲವೂ ಒಂದು ವಾರದ ಕಣ್ಣೀರು, ಆಮೇಲೆ ಮೌನ. ಕುಟುಂಬಕ್ಕೆ ಆ ಮೌನ ಶುರುವಾಗುವುದೇ ನಮ್ಮ ಮೆರವಣಿಗೆ ಮುಗಿದ ದಿನ.

ಅದಕ್ಕಾಗಿ ನಿಮ್ಮಲ್ಲೊಂದು ಕೋರಿಕೆ. ಈ ಜುಲೈ 31ರಂದು ಪೆರೇಡು ಮುಗಿದ ಮೇಲೆ ನಿಮ್ಮ ಎಎನ್‌ಓ (ಅಸೋಸಿಯೇಟ್ ಎನ್‌ಸಿಸಿ ಆಫೀಸರ್) ಅವರ ಅನುಮತಿ ಪಡೆದು ಹತ್ತು ನಿಮಿಷ ನಿಲ್ಲಿ. ನಿಮ್ಮಲ್ಲೇ ಒಬ್ಬರು ಕರ್ನಲ್ ವಸಂತ್ ಅವರ ಬದುಕನ್ನು ಹೇಳಲಿ; ಲ್ಯಾನ್ಸ್ ನಾಯಕ್ ಶಶಿಕಾಂತ್ ಅವರ ಹೆಸರನ್ನೂ ಜೊತೆಗೆ ಹೇಳಲಿ. ಹೊರಗಿನ ಅತಿಥಿ ಬೇಡ, ಮೈಕೂ ಬೇಡ. ಆಮೇಲೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ, ನಿಮ್ಮ ತಾಲ್ಲೂಕಿನಲ್ಲಿ ಕರ್ತವ್ಯದಲ್ಲಿದ್ದಾಗ ಮಡಿದ ಸೈನಿಕರ ಮನೆಗಳಿಗೆ ನಾವು ನೆರವಾಗಬಹುದೇ ಎಂದು ಕೇಳಿ. ಅವರು ಒಪ್ಪಿ, ಆ ಮನೆಯವರೂ ಒಪ್ಪಿದರೆ ಹೋಗಿ. ಹಾರ, ಶಾಲು, ಫೋಟೊಗ್ರಾಫರ್ ಬೇಡ. ಸೈನಿಕರ ಪಿಂಚಣಿ ಈಗ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಸಲ್ಲಿಸದಿದ್ದರೆ ಬರುವ ಹಣ ನಿಂತುಹೋಗುತ್ತದೆ. ಬೆರಳಿನ ಗೆರೆ ಸವೆದುಹೋದ ಮುದುಕಿಯೊಬ್ಬಳು ಸೈಬರ್ ಸೆಂಟರಿನ ಮುಂದೆ ಕಾಯುತ್ತಾ ಕೂರಬೇಕಾಗುತ್ತದೆ. ನಿಮ್ಮ ಕೈಯಲ್ಲಿರುವ ಮೊಬೈಲಿನಿಂದ, ಅರ್ಧ ದಿನದ ಓಡಾಟದಿಂದ ಆ ಕೆಲಸ ಆಗುತ್ತದೆ. ಆ ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿ ಇದ್ದರೆ ಅವಳಿಗೆ ಗಣಿತ ಹೇಳಿಕೊಡಿ. ಅಜ್ಜ ಮಗನ ವಿಷಯ ಮಾತಾಡಬೇಕೆಂದರೆ ಕೂತು ಕೇಳಿ. ಎಷ್ಟು ಸಲ ಹೇಳಿದರೂ ಕೇಳಿ.

ನಿಮ್ಮಲ್ಲಿ ಕೆಲವರು 'ಸಿ' ಸರ್ಟಿಫಿಕೇಟ್ ಪಡೆದು ಸೈನ್ಯಕ್ಕೆ ಹೋಗುತ್ತೀರಿ. ಹಲವರು ಹೋಗುವುದಿಲ್ಲ, ಬ್ಯಾಂಕು, ಶಾಲೆ, ಕಂಪನಿ, ಹೊಲ ಎಂದು ಬೇರೆ ಬೇರೆ ದಾರಿ ಹಿಡಿಯುತ್ತೀರಿ. ಹೋಗುವವರಿಗೆ ಕರ್ನಲ್ ವಸಂತ್ ಅವರ ಬದುಕು ಕಣ್ಣೆದುರಿಗಿದೆ, ನಾನು ಸೇರಿಸುವುದೇನಿಲ್ಲ. ಹೋಗದವರಲ್ಲಿ ನನ್ನ ಕೋರಿಕೆ ಇನ್ನೂ ಹೆಚ್ಚು: ನಿಮ್ಮ ಊರಿನಲ್ಲಿ ಅಂಥದೊಂದು ಮನೆ ಇದ್ದರೆ, ಅದರ ಬಾಗಿಲು ತಟ್ಟುವ ಜವಾಬ್ದಾರಿ ನಿಮ್ಮದು. ಈ ವರ್ಷವೇ ತಟ್ಟಿ.

ಇಂತಿ,
ನಿಮ್ಮ ಹಿತೈಷಿ